ಪತಂಗವಾಗಲು ಬಿಟ್ಟ ಹುಳು

ಶಿವಮೊಗ್ಗ, ಭದ್ರಾವತಿಗಳ ಎಷ್ಟೋ ಹಿತ್ತಿಲುಗಳಲ್ಲಿ ನಂದಿಬಟ್ಟಲು ಗಿಡವಿದೆ. ಅದರ ಎಲೆಯನ್ನು ಬೋಳು ಮಾಡುವ ಬೆರಳುದ್ದದ ಹಸಿರು ಹುಳುವನ್ನು ಡಬ್ಬಿಯಲ್ಲಿಟ್ಟು, ದಿನವೂ ಹೊಸ ಎಲೆ ಹಾಕಿ ಸಾಕುವ ಮಕ್ಕಳುಂಟು. ಹುಳು ಒಂದು ದಿನ ಮೇವು ಬಿಟ್ಟು, ಬಣ್ಣ ಕಂದಿ, ಅತ್ತಿತ್ತ ಹರಿದಾಡತೊಡಗುತ್ತದೆ. ಅದು ರೋಗವಲ್ಲ, ಕೋಶವಾಗಲು ಜಾಗ ಹುಡುಕುತ್ತಿರುತ್ತದೆ ಅಷ್ಟೆ. ತಳಕ್ಕೆ ತರಗೆಲೆ ಹಾಸಿಟ್ಟರೆ ಕೆಲವು ವಾರಗಳಲ್ಲಿ ಹಸಿರು ರೆಕ್ಕೆಯ ದೊಡ್ಡ ಪತಂಗ ಹೊರಬರುತ್ತದೆ.

ಮಕ್ಕಳ ಈ ಆಟವೇ ಹಳೆಯ ಮೈಸೂರು ಸೀಮೆಯ ಸಾವಿರಾರು ಮನೆಗಳಿಗೆ ಹೊಟ್ಟೆಪಾಡು. 18ನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ತರಿಸಿದ ರೇಷ್ಮೆ ಹುಳು ರೈತರ ನಡುಮನೆಯಲ್ಲೇ ಬೆಳೆಯಿತು. ಅದು ನಾಲ್ಕು ಬಾರಿ ಪೊರೆ ಬಿಡುತ್ತದೆ. ಪೊರೆಗೆ ಮೊದಲು ಮೇವು ಬಿಟ್ಟು ನಿಶ್ಚಲವಾಗುವುದನ್ನು ರೈತರು 'ಜ್ವರ' ಎನ್ನುತ್ತಾರೆ. ನಾಲ್ಕು ಜ್ವರ ದಾಟಿ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಆದರೆ ಇಲ್ಲಿ ಪತಂಗ ಹೊರಬಂದರೆ ನಷ್ಟ, ಗೂಡು ತೂತಾಗಿ ನೂಲು ಕೆಡುತ್ತದೆ. ಆದ್ದರಿಂದ ಒಳಗಿನ ಜೀವವನ್ನು ಶಾಖದಿಂದ ಕೊಲ್ಲುತ್ತಾರೆ.

ಎಲ್ಲವನ್ನೂ ಕೊಂದರೆ ಮುಂದಿನ ಬೆಳೆಗೆ ಮೊಟ್ಟೆ ಎಲ್ಲಿಂದ? ಒಂದಿಷ್ಟು ಹುಳುಗಳನ್ನು ಪತಂಗವಾಗಲು ಬಿಡಲೇಬೇಕು. ಅಪಾಯ ಇದ್ದುದೂ ಅಲ್ಲೇ. ಗಂಟುರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ, ಮೊಟ್ಟೆ ನೋಡಿದರೆ ಏನೂ ತಿಳಿಯದು. ಸೊಪ್ಪು ಖರ್ಚಾಗಿ, ನಿದ್ದೆಗೆಟ್ಟು ಮೂರು ವಾರ ಸಾಕಿದ ಮೇಲೆ ಹುಳು ಸಾಯತೊಡಗಿದರೆ ರೈತ ಸಾಲದಲ್ಲಿ ಮುಳುಗಿದಂತೆಯೇ. 1865ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಇದರ ಬೆನ್ನು ಹತ್ತಿದ. ಅವನು ಕಂಡ ಉಪಾಯ ಸರಳವಾದದ್ದು: ಒಂದೊಂದು ತಾಯಿಯೂ ಬೇರೆಬೇರೆಯಾಗಿ ಮೊಟ್ಟೆ ಇಡಲಿ, ಆಮೇಲೆ ಆ ತಾಯಿಯನ್ನೇ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ಸುಡಬೇಕು.

ಮೈಸೂರು ಸಂಸ್ಥಾನದಲ್ಲಿ ಈ ವಿದ್ಯೆ ಬೇರೂರಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಭದ್ರಾವತಿಯ ಜನ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕಬ್ಬಿಣದ ಕಾರ್ಖಾನೆಗಾಗಿ ನೆನೆಯುತ್ತಾರೆ. ಅವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗಲೇ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಲಾಯಿತು, ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ತಲೆಯೆತ್ತಿತು. ಕಾರ್ಖಾನೆಯ ಚಿಮಣಿಯಷ್ಟು ಇದು ಕಣ್ಣಿಗೆ ಬೀಳುವುದಿಲ್ಲ, ನಿಜ. ಕುಣಿಗಲ್, ಮಾಗಡಿ ಸುತ್ತಿನ ಹಳ್ಳಿಗಳು ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದವು. ಅವರ ಗೂಡು ನೂಲು ಬಿಚ್ಚುವವರ ಕೈಗಲ್ಲ, ಜೀವಂತವಾಗಿ ಬಿತ್ತನೆ ಕೋಠಿಗೆ ಹೋಗುತ್ತದೆ.

ಅಲ್ಲಿ ಹೊರಬರುವ ಪತಂಗ ಹಿತ್ತಿಲಿನದರಂತಲ್ಲ. ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆದು ಹಾರುವುದನ್ನೇ ಮರೆತಿದೆ, ಏನನ್ನೂ ತಿನ್ನುವುದಿಲ್ಲ. ಕೂಡಿ, ನಾನೂರು ಐನೂರು ಮೊಟ್ಟೆ ಇಟ್ಟು, ಕೆಲವೇ ದಿನಗಳಲ್ಲಿ ಮುಗಿಯುವ ಬಾಳು. ಒಬ್ಬ ತಾಯಿಯ ಇಡೀ ಮೊಟ್ಟೆಗುಂಪಿಗೆ ರೈತರ ಲೆಕ್ಕದಲ್ಲಿ 'ಒಂದು ಮೊಟ್ಟೆ' ಎಂದೇ ಹೆಸರು. ನೂರು ಮೊಟ್ಟೆ ತಂದೆ ಎಂದು ರೈತ ಹೇಳಿದರೆ, ಪರೀಕ್ಷೆಯಲ್ಲಿ ಗೆದ್ದ ನೂರು ತಾಯಂದಿರ ಮಕ್ಕಳು ಮನೆಗೆ ಬಂದರೆಂದು ಅರ್ಥ.