ಮೊದಲು ನೋಟ, ಆಮೇಲೆ ಇಸವಿ

ಮಗುವಿನ ಮುಂದೆ ಒಂದು ಚಿತ್ರವನ್ನು ಇಡಬೇಕು. ಅದು ಕೆಲವು ನಿಮಿಷ ಸುಮ್ಮನೆ ನೋಡಲಿ. ಆಮೇಲೆ ಚಿತ್ರವನ್ನು ಮಗುಚಿಟ್ಟು ‘ಏನೇನು ಕಂಡೆ, ಹೇಳು’ ಎನ್ನಬೇಕು. ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಯಾರ ಕೈಯಲ್ಲಿ ಏನಿತ್ತು ಎಂಬುದನ್ನೆಲ್ಲ ಮಗು ನೆನಪಿನಿಂದಲೇ ಹೇಳುತ್ತದೆ. ಶೈಲಿ, ಪಂಥ, ವರ್ಣವಿನ್ಯಾಸಗಳ ಉಪನ್ಯಾಸ ಅಲ್ಲಿ ಬೇಡ. ಬ್ರಿಟನ್ನಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ ನೂರು ವರ್ಷಗಳಿಗೂ ಹಿಂದೆ ರೂಢಿಗೆ ತಂದ ಪಾಠಕ್ರಮ ಇದು. ಮಕ್ಕಳಿಗೆ ಮನೆಯಲ್ಲೇ ಕಲಿಸುವ ಅನೇಕ ಕುಟುಂಬಗಳು ಇಂದಿಗೂ ಇದನ್ನು ಅನುಸರಿಸುತ್ತಿವೆ. ಇತಿಹಾಸದ ಜೊತೆಗೆ ಕಲೆ ಮತ್ತು ಸಂಗೀತದ ರಸಾಸ್ವಾದನೆಯನ್ನು ಕಲಿಸುವುದು ಹೇಗೆಂಬ ಪ್ರಶ್ನೆಗೆ ಈ ಸರಳ ಕ್ರಮದಲ್ಲಿ ಒಂದು ಉತ್ತರವಿದೆ.

1842ರಲ್ಲಿ ಹುಟ್ಟಿದ ಮೇಸನ್ ಅವರ ‘ಹೋಂ ಎಜುಕೇಷನ್’ ಗ್ರಂಥ ಪ್ರಕಟವಾದದ್ದು 1886ರಲ್ಲಿ. ಮರುವರ್ಷವೇ ತಂದೆತಾಯಿಯರ ಸಂಘವೊಂದು ರೂಪುಗೊಂಡಿತು. 1891ರಲ್ಲಿ ಆರಂಭವಾದ ಅಂಚೆಶಾಲೆಯ ಮೂಲಕ ಪ್ರತಿ ಟರ್ಮಿನ ಪಾಠಪಟ್ಟಿ, ಪುಸ್ತಕಗಳ ಹೆಸರು ಮತ್ತು ಪ್ರಶ್ನೆಪತ್ರಿಕೆಗಳು ಮನೆಮನೆಗೆ ತಲುಪತೊಡಗಿದವು. ಮನೆಯಲ್ಲಿ ಪಾಠ ಹೇಳುವ ಗವರ್ನೆಸ್‌ಗಳನ್ನು ತರಬೇತುಗೊಳಿಸಲು 1892ರಲ್ಲಿ ಆಂಬಲ್‌ಸೈಡ್ ಎಂಬ ಸರೋವರ ಪ್ರದೇಶದ ಊರಿನಲ್ಲಿ ಒಂದು ಸಂಸ್ಥೆಯೂ ಆರಂಭವಾಯಿತು.

ಆ ಪಾಠಪಟ್ಟಿಯಲ್ಲಿ ಲೆಕ್ಕ, ಭಾಷೆಗಳ ಜೊತೆಗೆ ಒಂದು ಟರ್ಮಿಗೆ ಒಬ್ಬ ಚಿತ್ರಕಾರನ ಸುಮಾರು ಆರು ಕೃತಿಗಳು ಇರುತ್ತಿದ್ದವು. ಮುಂದೆ ಒಬ್ಬ ಸಂಗೀತ ರಚನಕಾರನೂ ಅದರಲ್ಲಿ ಸೇರಿದ. ಚಿತ್ರದ ಮುದ್ರಿತ ಪ್ರತಿ ಕೈಗೆ ಸಿಗುತ್ತಿತ್ತು, ಸಂಗೀತ ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲ. ತಾಯಿಯೋ ಗವರ್ನೆಸ್ಸೋ ಪಿಯಾನೋ ನುಡಿಸಬೇಕಿತ್ತು. ಗ್ರಾಮಫೋನ್ ಬಂದ ಮೇಲೆ ಈ ತೊಡಕು ತಗ್ಗಿತು. 1924ರಲ್ಲಿ ವಾಲ್ಫರ್ಡ್ ಡೇವಿಸ್ ಅವರ ಸಂಗೀತಪಾಠದೊಂದಿಗೆ ಬಿ.ಬಿ.ಸಿ. ಶಾಲಾ ಪ್ರಸಾರವನ್ನು ಆರಂಭಿಸಿತು. ನುಡಿಸಲು ಬಾರದವರೂ ಕೇಳಲು ಕಲಿಯಬಹುದು ಎಂಬ ವಿಚಾರ ಆಗ ಬಲ ಪಡೆಯಿತು.

ಇತಿಹಾಸಕ್ಕೂ ಇವುಗಳಿಗೂ ನಂಟು ಬೆಸೆಯುತ್ತಿದ್ದುದು ‘ಶತಮಾನಗಳ ಪುಸ್ತಕ’ ಎಂಬ ನೋಟುಬುಕ್ಕು. ಅದರಲ್ಲಿ ಪ್ರತಿ ಶತಮಾನಕ್ಕೂ ಹಾಳೆಗಳನ್ನು ಮೀಸಲಿಡಲಾಗುತ್ತಿತ್ತು. ಮ್ಯೂಸಿಯಮ್ಮಿನಲ್ಲಿ ಕಂಡ ಮಡಕೆ, ಓದಿದ ಕಥೆಯಲ್ಲಿ ಬಂದ ಕತ್ತಿ, ಉಡುಪು ಇತ್ಯಾದಿಗಳನ್ನು ಮಗು ತಾನೇ ಆಯಾ ಶತಮಾನದ ಹಾಳೆಯಲ್ಲಿ ಬಿಡಿಸಬೇಕಿತ್ತು. ವರ್ಷಗಳು ಉರುಳಿದಂತೆ ಹಾಳೆಗಳು ತುಂಬುತ್ತಿದ್ದವು. ಯಾವ ರಾಜನ ಕಾಲದಲ್ಲಿ ಯಾವ ಕಲಾವಿದನಿದ್ದ ಎಂಬುದು ಮಗುವಿಗೆ ತಾನಾಗಿಯೇ ಹೊಳೆಯುತ್ತಿತ್ತು.

‘ತಾನಾಗಿಯೇ’ ಎಂಬುದೇ ಇಲ್ಲಿ ಮುಖ್ಯ. ಜರ್ಮನ್ ಚಿಂತಕ ಹರ್ಬಾರ್ಟನ ಅನುಯಾಯಿಗಳು ಆಗ ಎಲ್ಲ ಪಾಠಗಳನ್ನೂ ಒಂದೇ ವಸ್ತುವಿನ ಸುತ್ತ ಹೆಣೆಯುತ್ತಿದ್ದರು. ‘ರಾಬಿನ್ಸನ್ ಕ್ರೂಸೋ’ ಓದಿದರೆ ಚಿತ್ರ, ಹಾಡು, ಲೆಕ್ಕ ಎಲ್ಲವೂ ಕ್ರೂಸೋನದೇ! ಮೇಸನ್ ಇದನ್ನು ಒಪ್ಪಲಿಲ್ಲ. ಎಲ್ಲವನ್ನೂ ಶಿಕ್ಷಕರೇ ಜೋಡಿಸಿಕೊಟ್ಟರೆ ಮಗುವಿನ ಮನಸ್ಸಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ ಎಂಬುದು ಅವರ ಆಕ್ಷೇಪ. ಚಿತ್ರವನ್ನು ಇತಿಹಾಸದ ಪಾಠಕ್ಕೆ ಅಲಂಕಾರವಾಗಿ ಅಂಟಿಸಿದರೆ ಮಗು ಚಿತ್ರವನ್ನು ನೋಡುವುದಿಲ್ಲ, ಅದರ ಕೆಳಗಿನ ಬರಹವನ್ನಷ್ಟೇ ಓದುತ್ತದೆ.

ಇದರಿಂದ ಇತಿಹಾಸಕ್ಕೂ ನಷ್ಟವೇ. ಉದಾಹರಣೆಗೆ, 1804ರಲ್ಲಿ ನೆಪೋಲಿಯನ್ ಚಕ್ರವರ್ತಿಯಾದ ಸಂಗತಿ ಪಠ್ಯಪುಸ್ತಕದಲ್ಲಿ ಒಂದು ಸಾಲು. ಫ್ರೆಂಚ್ ಚಿತ್ರಕಾರ ಡೇವಿಡ್ ಪಟ್ಟಾಭಿಷೇಕದ ವೈಭವವನ್ನು ಸುಮಾರು ಹತ್ತು ಮೀಟರ್ ಅಗಲದ ಚಿತ್ರದಲ್ಲಿ ಹಿಡಿದಿಟ್ಟ. ಅದರ ನಡುಭಾಗದಲ್ಲಿ ನೆಪೋಲಿಯನ್ನನ ತಾಯಿ ಗಂಭೀರವಾಗಿ ಕುಳಿತಿದ್ದಾಳೆ. ವಾಸ್ತವದಲ್ಲಿ ಆಕೆ ಅಂದು ಅಲ್ಲಿರಲೇ ಇಲ್ಲ! ಬೀಥೋವನ್ ತನ್ನ ಮೂರನೆಯ ಸಿಂಫನಿಗೆ ನೆಪೋಲಿಯನ್ನನ ಹೆಸರಿಡಲು ಹೊರಟಿದ್ದವನು, ಬಳಿಕ ಆ ಹೆಸರನ್ನು ಕಾಗದ ಹರಿಯುವಷ್ಟು ರಭಸದಿಂದ ಕೆರೆದುಹಾಕಿದ. ತೂತುಬಿದ್ದ ಆ ಪುಟ ವಿಯೆನ್ನಾದಲ್ಲಿದೆ. ಇತ್ತ ಸ್ಪೇನಿನ ಗೋಯಾ, 1808ರಲ್ಲಿ ಫ್ರೆಂಚ್ ಸೈನಿಕರು ಮ್ಯಾಡ್ರಿಡ್ಡಿನ ಜನರನ್ನು ಗುಂಡಿಟ್ಟು ಕೊಂದ ದೃಶ್ಯವನ್ನು 1814ರಲ್ಲಿ ಚಿತ್ರಿಸಿದ. ಅದರಲ್ಲಿ ಕೈಯೆತ್ತಿ ನಿಂತ ಬಿಳಿ ಅಂಗಿಯವನ ಮುಖ ಕಾಣುತ್ತದೆ, ಕೊಲ್ಲುವವರ ಬೆನ್ನು ಮಾತ್ರ ಕಾಣುತ್ತದೆ. ಒಬ್ಬನೇ ದೊರೆ, ಮೂವರು ಸಾಕ್ಷಿಗಳು, ಮೂರು ಹೇಳಿಕೆಗಳು. ಸಾಕ್ಷಿಯ ಮಾತನ್ನು ಪೂರ್ತಿ ಕೇಳಿಸಿಕೊಂಡವರಷ್ಟೇ ಪಾಟೀಸವಾಲು ಹಾಕಬಲ್ಲರು.

ಇದೆಲ್ಲ ಪಿಯಾನೋ ಇದ್ದ ಉಳ್ಳವರ ಮನೆಗಳ ಶೋಕಿ ಎಂಬ ಟೀಕೆ ಸಹಜ. ಆರಂಭದಲ್ಲಿ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಆದರೆ 1914ರಲ್ಲಿ ಯಾರ್ಕ್‌ಶೈರಿನ ಡ್ರಿಗ್ಲಿಂಗ್ಟನ್ ಎಂಬ ಊರಿನ ಸಾಮಾನ್ಯ ಶಾಲೆ ಈ ಪಾಠಕ್ರಮವನ್ನು ಕೈಗೆತ್ತಿಕೊಂಡಿತು. ಅಲ್ಲಿ ಓದುತ್ತಿದ್ದವರಲ್ಲಿ ಗಣಿ ಕಾರ್ಮಿಕರ ಮಕ್ಕಳಿದ್ದರು. ಅವರೂ ಹಿರಿಯ ಕೃತಿಗಳಿಗೆ ಮನಸೋತರು. ರಸಾಸ್ವಾದನೆ ಮನೆತನದ ಆಸ್ತಿಯಲ್ಲ ಎಂಬ ಮೇಸನ್ ಅವರ ನಂಬಿಕೆಗೆ ಇದು ಪುರಾವೆಯಾಯಿತು.

1923ರಲ್ಲಿ ಮೇಸನ್ ತೀರಿಕೊಂಡರು. ಕ್ರಮೇಣ ಅವರ ಹೆಸರೂ ಮರೆಗೆ ಸರಿಯಿತು. 1984ರಲ್ಲಿ ಸೂಸನ್ ಷೇಫರ್ ಮೆಕಾಲೆ ಬರೆದ ಪುಸ್ತಕ ಅಮೆರಿಕದ ಗೃಹಶಿಕ್ಷಣದ ಕುಟುಂಬಗಳಿಗೆ ಅವರನ್ನು ಮತ್ತೆ ಪರಿಚಯಿಸಿತು. 1989ರಲ್ಲಿ ಅವರ ಆರು ಸಂಪುಟಗಳು ಮರುಮುದ್ರಣಗೊಂಡವು. ಇಂದು ಪಿಯಾನೋ ಬೇಕಿಲ್ಲ, ಯಾವ ಸಿಂಫನಿಯಾದರೂ ಮೊಬೈಲ್ ಫೋನಿನಲ್ಲೇ ಸಿಗುತ್ತದೆ. ಆದರೆ ಒಂದೇ ಚಿತ್ರದ ಮುಂದೆ ಐದು ನಿಮಿಷ ಕೂರುವ ವ್ಯವಧಾನ ಮಾತ್ರ ವಿರಳವಾಗಿದೆ.

ಈ ಕ್ರಮವನ್ನು ಪರೀಕ್ಷಿಸಲು ಕನ್ನಡಿಗರು ಪ್ಯಾರಿಸ್ಸಿಗೆ ಹೋಗಬೇಕಿಲ್ಲ. ಇದೇ ನೆಪೋಲಿಯನ್ 1799ರಲ್ಲಿ ಈಜಿಪ್ಟಿನಿಂದ ಟಿಪ್ಪು ಸುಲ್ತಾನನಿಗೆ ಬರೆದ ಪತ್ರ ಬ್ರಿಟಿಷರ ಕೈಸೇರಿತ್ತು. ಆ ಟಿಪ್ಪುವಿನ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಅದು ಗೆದ್ದವರು ಬರೆಯಿಸಿದ ಚಿತ್ರ. ಸಾಲುಸಾಲು ಕುದುರೆ, ಆನೆಗಳ ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ, ಸೋತ ಬ್ರಿಟಿಷ್ ಸೇನಾನಿ ಬೇಯ್ಲಿ ಪಲ್ಲಕ್ಕಿಯಲ್ಲಿದ್ದಾನೆ. ಅಲ್ಲಿಗೆ ಮಗುವನ್ನು ಕರೆದೊಯ್ದವರು ಮೊದಲು ಇಸವಿ ಹೇಳಬೇಕಾಗಿಲ್ಲ. ಸ್ವಲ್ಪ ಹೊತ್ತು ನೋಡಲು ಬಿಟ್ಟರೆ ‘ಯುದ್ಧದ ನಡುವೆ ಪಲ್ಲಕ್ಕಿಯಲ್ಲಿ ಕೂತವನು ಯಾರು?’ ಎಂದು ಮಗುವೇ ಕೇಳೀತು. ಇತಿಹಾಸದ ಪಾಠ ಆರಂಭಿಸಲು ಅದೇ ತಕ್ಕ ಗಳಿಗೆ.