ತಾಳೆಗರಿಯಿಂದ ಗಣಕಯಂತ್ರಕ್ಕೆ: ವಚನ ಭಾಂಡಾರದ ಪಯಣ



ರಾಯರ ಹುಬ್ಬಳ್ಳಿಯೆಂದು ಹಿಂದೆ ಹೆಸರಾಗಿದ್ದ ನಮ್ಮ ಹಳೇ ಹುಬ್ಬಳ್ಳಿಯೂ ಸೇರಿದಂತೆ ಈ ನಾಡಿನ ಹಳೆಯ ಮನೆತನಗಳಲ್ಲಿ ದೇವರ ಜಗುಲಿಯ ಮೇಲೆ ತಾಳೆಗರಿಯ ಕಟ್ಟುಗಳನ್ನಿಟ್ಟು ಪೂಜಿಸುವ ವಾಡಿಕೆಯಿತ್ತು. ವಿಭೂತಿ, ಪತ್ರೆ, ಧೂಪ ಎಲ್ಲವೂ ಅವಕ್ಕೆ ಸಲ್ಲುತ್ತಿದ್ದವು. ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ವಚನಗಳು ಉಳಿದುಬಂದದ್ದು ಈ ಭಕ್ತಿಯಿಂದಲೇ ಎಂಬುದು ದಿಟ. ಅವು ಕಣ್ಮರೆಯಾಗುವ ಅಪಾಯವೂ ಇದೇ ಭಕ್ತಿಯಲ್ಲಿ ಅಡಗಿತ್ತೆಂಬುದು ಅಷ್ಟೇ ದಿಟ.

ಈ ಕಟ್ಟುಗಳನ್ನು ಬಿಚ್ಚಿಸಿದವರಲ್ಲಿ ಅಗ್ರಗಣ್ಯರು ಫ.ಗು. ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿ, ವಿಜಯಪುರದಲ್ಲಿ ವಕೀಲಿ ವೃತ್ತಿ ಮಾಡುತ್ತಿದ್ದ ಅವರು ಊರೂರು ತಿರುಗಿ ಓಲೆಗಳನ್ನು ಕಲೆಹಾಕಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನಂಬಿ ಈ ಕಾರ್ಯ ಸಾಗದೆಂದು ಮನಗಂಡು, ಮನೆಯನ್ನೇ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷವೇ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಂದಿನ ಕಾಲಕ್ಕೆ ಅಚ್ಚಿನ ಯಂತ್ರವೇ ನೂತನ ತಂತ್ರಜ್ಞಾನ. ಒಂದು ಜಗುಲಿಯ ಸೊತ್ತು ಸಾವಿರ ಮನೆಗಳ ಸೊತ್ತಾಯಿತು.

ಆದರೆ ಓಲೆಯಿಂದ ಅಚ್ಚಿಗೆ ದಾಟುವುದು ಬರಿಯ ನಕಲು ಕಾರ್ಯವಲ್ಲ. ಕಂಠದಿಂದ ಕೊರೆದು ಮಸಿ ಪೂಸಿದ ಓಲೆಯಲ್ಲಿ ಪದ ಪದಗಳ ನಡುವೆ ತೆರಪಿರುವುದಿಲ್ಲ. ಹ್ರಸ್ವ ಎ, ಒ ಹಾಗೂ ದೀರ್ಘ ಏ, ಓಗಳಿಗೆ ಹಳೆಯ ಬರವಣಿಗೆಯಲ್ಲಿ ಸಾಮಾನ್ಯವಾಗಿ ಭೇದವನ್ನು ತೋರಿಸುತ್ತಿರಲಿಲ್ಲ. ‘ಕೊಡು’ ಎಂದು ಓದಬೇಕೋ ‘ಕೋಡು’ ಎಂದು ಓದಬೇಕೋ ಎಂಬುದನ್ನು ಅರ್ಥವರಿತವನೇ ನಿರ್ಧರಿಸಬೇಕು. ಬರೆದವರ ಹೆಸರೂ ಅಲ್ಲಿ ಬೇರೆಯಾಗಿ ಇರುವುದಿಲ್ಲ. ಗುಹೇಶ್ವರನೆಂದರೆ ಅಲ್ಲಮಪ್ರಭು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕಮಹಾದೇವಿ ಎಂದು ಅಂಕಿತದಿಂದಲೇ ತಿಳಿಯಬೇಕು. ಇಂದಿನ ಗ್ರಂಥಾಲಯಗಳು ಪ್ರತಿ ಪುಸ್ತಕಕ್ಕೂ ಅಂಟಿಸುವ ಗುರುತುಚೀಟಿಯನ್ನು ಶರಣರು ವಚನದ ಒಡಲಲ್ಲಿಯೇ ಇಟ್ಟರೆನ್ನಬಹುದು. ಚೀಟಿ ಕಳಚಿ ಬೀಳಬಹುದು, ಅಂಕಿತ ಹಾಗೆ ಬೀಳದು. ಆದರೂ ಒಂದೇ ವಚನ ಎರಡು ಕಟ್ಟುಗಳಲ್ಲಿ ಎರಡು ಅಂಕಿತಗಳೊಡನೆ ದೊರೆಯುವುದುಂಟು. ಅಲ್ಲಿ ಸಂಪಾದಕನ ವಿವೇಚನೆಯೇ ಗತಿ.

ಈ ವಿವೇಚನೆಯನ್ನು ಬೆಳೆಸಿದ್ದು ನಮ್ಮ ನೆರೆಯ ಧಾರವಾಡ. 1939ರಲ್ಲಿ ಅಲ್ಲಿ ಕನ್ನಡ ಸಂಶೋಧನ ಸಂಸ್ಥೆ ಸ್ಥಾಪನೆಯಾಯಿತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪ್ರೊ. ಶಿ.ಶಿ. ಬಸವನಾಳರ ಹೆಸರಿದೆ. 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರೂ, ಬಸವಣ್ಣನವರ ವಚನಗಳನ್ನು ಸಂಪಾದಿಸಿದವರೂ ಆದ ಮಹನೀಯರ ಹೆಸರು ಪುಸ್ತಕಭಾಂಡಾರಕ್ಕೆ ದೊರೆತದ್ದು ಅತ್ಯಂತ ಯೋಗ್ಯವಾಗಿದೆ. ಮುಂದೆ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ 1993ರಲ್ಲಿ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳು ಹೊರಬಂದವು.

ಮೂರನೆಯ ದಾಟು ಗಣಕಯಂತ್ರದ್ದು. ಕನ್ನಡ ಲಿಪಿಯು 1991ರಲ್ಲಿಯೇ ಯೂನಿಕೋಡ್ ಶಿಷ್ಟತೆಯಲ್ಲಿ ಸ್ಥಾನ ಪಡೆದಿದ್ದರೂ ಬಹುಕಾಲ ನಮ್ಮಲ್ಲಿ ಬಗೆಬಗೆಯ ಫಾಂಟುಗಳದ್ದೇ ರಾಜ್ಯಭಾರ. ಒಂದರಲ್ಲಿ ಟೈಪಿಸಿದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತಿತ್ತು. ಕಣ್ಣಿಗೆ ಅಕ್ಷರ, ಯಂತ್ರಕ್ಕೆ ಬರಿಯ ಗೆರೆ. 2010ರ ದಶಕದಲ್ಲಿ ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಹಾಗೂ ಅವರ ಸಂಗಡಿಗರು ‘ವಚನ ಸಂಚಯ’ ಜಾಲತಾಣವನ್ನು ರೂಪಿಸಿ, 20,000ಕ್ಕೂ ಮಿಕ್ಕ ವಚನಗಳನ್ನು ಯೂನಿಕೋಡಿನಲ್ಲಿ ಎಲ್ಲರಿಗೂ ಮುಕ್ತವಾಗಿ ಒದಗಿಸಿದರು. ಇದು ಕೇವಲ ಪುಸ್ತಕದ ಪ್ರತಿಯಲ್ಲ, ಪದಪ್ರಯೋಗಕೋಶ. ಒಂದು ಪದವನ್ನು ಯಾವ ಯಾವ ಶರಣರು ಎಲ್ಲೆಲ್ಲಿ ಬಳಸಿದ್ದಾರೆಂಬುದನ್ನು, ಹಿಂದಿನ ವಿದ್ವಾಂಸರು ಚೀಟಿಗಳ ಮೇಲೆ ತಿಂಗಳುಗಟ್ಟಲೆ ಬರೆದಿಟ್ಟುಕೊಳ್ಳುತ್ತಿದ್ದುದನ್ನು, ಇಂದಿನ ವಿದ್ಯಾರ್ಥಿ ಕ್ಷಣಾರ್ಧದಲ್ಲಿ ಕಾಣಬಲ್ಲ.

ಇಲ್ಲಿ ಒಂದು ಎಚ್ಚರದ ಮಾತು ಅವಶ್ಯ. ಯಂತ್ರಕ್ಕೆ ಸಂಧಿ ತಾನಾಗಿ ತಿಳಿಯದು. ಅಕ್ಷರಗಳನ್ನಷ್ಟೇ ಹೋಲಿಸಿ ನೋಡುವ ಹುಡುಕಾಟದಲ್ಲಿ ‘ಬಯಲು’ ಎಂದು ಬೆರಳಚ್ಚಿಸಿದರೆ ‘ಬಯಲಾದ’, ‘ಬಯಲೊಳಗೆ’ ಎಂಬ ರೂಪಗಳು ತಪ್ಪಿಹೋಗುತ್ತವೆ. ‘ಬಯಲ’ ಎಂದಷ್ಟೇ ಬರೆದರೆ ಬರುತ್ತವೆ. ಇಷ್ಟನ್ನರಿಯದೆ ಎಣಿಕೆ ಹಾಕಿ, ಇಂಥ ಶರಣರು ಇಂಥ ಪದವನ್ನು ಬಳಸಿಯೇ ಇಲ್ಲವೆಂದು ಪ್ರಬಂಧ ಬರೆಯುವುದು ಸಲ್ಲದು.

ಇದಕ್ಕಿಂತ ಗಹನವಾದ ಸಂಗತಿ ಮತ್ತೊಂದಿದೆ. ಜಾಲತಾಣದಲ್ಲಿ ದೊರೆಯುವುದು ಅಚ್ಚಾದ ಪಾಠ, ಅಂದರೆ ಸಂಪಾದಕರು ಆಯ್ದ ಪಾಠ. ಅವರು ಬಿಟ್ಟ ಪಾಠಾಂತರಗಳು ಓಲೆಯಲ್ಲಿಯೇ ಉಳಿದಿವೆ. ಅಚ್ಚಿನ ಪುಟವನ್ನು ಓದಿ ಅಕ್ಷರವಾಗಿಸುವ ತಂತ್ರಾಂಶಗಳು ಕನ್ನಡಕ್ಕೆ ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ‘ಲಿಪಿ ಜ್ಞಾನಿ’ ಅವುಗಳಲ್ಲೊಂದು. ತಾಳೆಗರಿಯ ಕೈಬರಹವಾದರೋ ಯಂತ್ರಕ್ಕೆ ಇಂದಿಗೂ ಕಠಿಣವೇ. ಕೇಂದ್ರ ಸರ್ಕಾರ 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಅನ್ನು ಆರಂಭಿಸಿತು; 2025ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ಒಳಗೊಳ್ಳುವ ಗುರಿಯ ‘ಜ್ಞಾನ ಭಾರತಂ’ ಯೋಜನೆಯನ್ನು ಪ್ರಕಟಿಸಿತು. ಸಂಖ್ಯೆ ದೊಡ್ಡದು. ಛಾಯಾಚಿತ್ರ ತೆಗೆದ ಬಳಿಕ ಅವನ್ನು ಓದುವವರೆಷ್ಟು ಮಂದಿ ಎಂಬುದೇ ನಮ್ಮ ಚಿಂತೆ.

ಈ ಚಿಂತೆಗೆ ನಮ್ಮ ಅವಳಿ ನಗರದಲ್ಲಿಯೇ ಪರಿಹಾರವಿದೆಯೆಂದು ನಮ್ಮ ಅಭಿಪ್ರಾಯ. ಕೆ.ಎಲ್.ಇ. ಸಂಸ್ಥೆಯು ಹುಬ್ಬಳ್ಳಿಯಲ್ಲಿ 1947ರಲ್ಲಿ ತೆರೆದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಂದು ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದಿವೆ. ಯಂತ್ರಕ್ಕೆ ಓದು ಕಲಿಸಬಲ್ಲ ತರುಣರು ಇಲ್ಲಿದ್ದಾರೆ. ಓಲೆ ಓದಬಲ್ಲ ವಿದ್ವಾಂಸರು ಕೇವಲ 20 ಕಿಲೋಮೀಟರ್ ದೂರದ ಧಾರವಾಡದಲ್ಲಿದ್ದಾರೆ. ಯಂತ್ರಕ್ಕೆ ಕಲಿಸಬೇಕಾದರೆ ಮೊದಲು ಬಲ್ಲವರು ಸಾವಿರಾರು ಗರಿಗಳನ್ನು ಓದಿ, ಅಕ್ಷರಕ್ಕೆ ಅಕ್ಷರ ಸರಿಯಾಗಿ ಬರೆದುಕೊಡಬೇಕು. ಅಂಥ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಗರಿ ಇನ್ನೂ ನೂರು ವರ್ಷ ತಾಳೀತು, ಓದುಗರು ತಾಳಲಾರರು.

ಮನೆಯಲ್ಲಿ ಕಟ್ಟುಗಳಿರುವ ಸದ್ಭಕ್ತರಲ್ಲಿ ನಮ್ಮ ಅರಿಕೆ ಇಷ್ಟೇ: ಅವುಗಳ ಮೇಲೆ ವಿಭೂತಿ, ಕುಂಕುಮ ಚೆಲ್ಲಬೇಡಿ, ಅಡುಗೆಯ ಎಣ್ಣೆ ಸವರಬೇಡಿ. ದಾರ ಜೀರ್ಣವಾಗಿದ್ದರೆ ನೀವಾಗಿಯೇ ಬಿಚ್ಚದೆ ಬಲ್ಲವರನ್ನು ಕರೆಯಿರಿ. ಕ್ರಮ ತಪ್ಪಿದ ಗರಿಗಳನ್ನು ಮತ್ತೆ ಜೋಡಿಸುವುದು ಬಹು ಪ್ರಯಾಸದ ಕೆಲಸ. ಪ್ರತಿ ಗರಿಯ ಎರಡೂ ಮೈಗಳ ಚಿತ್ರವನ್ನು ಕ್ರಮಸಂಖ್ಯೆಯೊಡನೆ ತೆಗೆಸಿ, ಪ್ರತಿಯೊಂದನ್ನು ವಿಶ್ವವಿದ್ಯಾಲಯದ ಹಸ್ತಪ್ರತಿ ಭಾಂಡಾರಕ್ಕೆ ಕೊಡಿ. ಕಟ್ಟು ಮರಳಿ ನಿಮ್ಮ ಜಗುಲಿಯ ಮೇಲೆಯೇ ಇರಲಿ.