ಕಾರವಾರದ ಚಪಲ್ ಕರಾಚಿಗೆ ಹೋಗಿತ್ತೇ?

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರಕ್ಕೆ ಹೋದವರು ಅಲ್ಲಿರುವ ಯುದ್ಧನೌಕೆಯ ಮುಂದೆ ಒಂದು ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. ಹೆಸರು ಐಎನ್‌ಎಸ್ ಚಪಲ್. ಈಗ ವಸ್ತುಸಂಗ್ರಹಾಲಯ. ದಂಡಿಗನಹಳ್ಳಿಯಿಂದ ಹೊರಟ ನಾವು ಐದು ಜನ ಹಾಸನದಲ್ಲಿ ರಾತ್ರಿ ರೈಲು ಹತ್ತಿ, ಬೆಳಿಗ್ಗೆ ಅಲ್ಲಿದ್ದೆವು.

ಕೆರೆಯ ತೆಪ್ಪ ಮಾತ್ರ ನೋಡಿದ್ದ ನಮ್ಮ ಕಣ್ಣಿಗೆ ಇದು ದೊಡ್ಡದೇ. ಯುದ್ಧನೌಕೆಗಳ ಲೆಕ್ಕದಲ್ಲಿ ಮರಿ. ಉದ್ದ ಸುಮಾರು 39 ಮೀಟರ್, ಮೂರು ಬಸ್ಸು ಸಾಲಾಗಿ ನಿಲ್ಲಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿ. ಒಳಗೆ ತಲೆ ಬಗ್ಗಿಸಿಯೇ ಓಡಾಡಬೇಕು. ಮೇಲೆ ಎರಡೂ ಮಗ್ಗುಲಿಗೆ ನಾಲ್ಕು ಕ್ಷಿಪಣಿಗಳ ಗೂಡುಗಳಿವೆ.

ನಮ್ಮ ಜೊತೆಗಿದ್ದ ಹಿರಿಯರು 1971ರಲ್ಲಿ ಹುಡುಗ, ಯುದ್ಧದ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ್ದವರು. ಗೂಡಿನ ಮೇಲೆ ಕೈಯಾಡಿಸಿ, "ಕರಾಚಿ ಸುಟ್ಟಿದ್ದು ಇದೇ ಅಲ್ವೇನಪ್ಪಾ?" ಅಂದರು.

ಹೌದು ಎನ್ನಲು ಬಾಯಿ ತೆರೆದಿದ್ದೆವು. ಎಷ್ಟೋ ಜನ ಹಾಗೇ ಹೇಳುತ್ತಾರೆ. ಹಿಂದೊಮ್ಮೆ ನಾವೂ ಹಾಗೇ ಬರೆದು ಕಳಿಸಿದ್ದೆವು, ಅಚ್ಚೂ ಆಗಿತ್ತು. ಆದರೆ ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಯುದ್ಧ ನಡೆದದ್ದು 1971ರ ಡಿಸೆಂಬರ್‌ನಲ್ಲಿ. ಹುಟ್ಟದ ಕರು ಹೊಲ ಉಳುವುದುಂಟೇ?

ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ದಾಳಿ ಮಾಡಿದ ಕ್ಷಿಪಣಿ ದೋಣಿಗಳು ನಿರ್ಘಾತ್, ನಿಪಾತ್ ಮತ್ತು ವೀರ್. ಸೋವಿಯತ್ ಒಕ್ಕೂಟ ಅಂಥ ದೋಣಿ ಕಟ್ಟಿದ್ದು ತನ್ನ ಕರಾವಳಿ ಕಾಯಲು. ದೂರ ಹೋಗುವಷ್ಟು ಇಂಧನ ಹಿಡಿಸದು. ಹಾಗಾಗಿ ನಮ್ಮವರು ಸ್ವಲ್ಪ ದೂರ ದೊಡ್ಡ ಹಡಗುಗಳಿಗೆ ಕಟ್ಟಿ ಎಳೆದುಕೊಂಡು ಹೋದರು, ಕೆಟ್ಟ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರ್ ಎಳೆಯುವ ಹಾಗೆ. ಪಾಕಿಸ್ತಾನದ ಖೈಬರ್, ಮುಹಾಫಿಜ್ ಮುಳುಗಿದವು. ಖೈಬರ್ ಒಂದರಲ್ಲೇ ಇನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಅವರಿಗೂ ಊರು, ಮನೆ ಇತ್ತು. ಡಿಸೆಂಬರ್ 8ರ ರಾತ್ರಿ ವಿನಾಶ್ ಎಂಬ ಇನ್ನೊಂದು ದೋಣಿ ಹೋಗಿ ನಾಲ್ಕು ಕ್ಷಿಪಣಿ ಹಾರಿಸಿತು. ಕೇಮಾರಿಯ ತೈಲ ಟ್ಯಾಂಕುಗಳು ಹೊತ್ತಿ ಉರಿದವು. ಡಿಸೆಂಬರ್ 4 ನೌಕಾಪಡೆ ದಿನವಾದದ್ದು ಆ ಮೊದಲ ದಾಳಿಯಿಂದ.

ಚಪಲ್ ಅದೇ ಜಾತಿಯ ಸುಧಾರಿತ ದೋಣಿ. ಯುದ್ಧ ಮುಗಿದ ಮೇಲೆ ಸೋವಿಯತ್ ಒಕ್ಕೂಟದಿಂದ ಬಂದ ಎಂಟರಲ್ಲಿ ಒಂದು. 2005ರ ಮೇ ತಿಂಗಳವರೆಗೆ ಸಮುದ್ರದಲ್ಲಿ ದುಡಿದು, 2006ರಲ್ಲಿ ಈ ಮರಳಿನ ಮೇಲೆ ಬಂದು ಕೂತಿತು.

ಇಷ್ಟನ್ನೂ ಹೇಳಿದ ಮೇಲೆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾರೆ ಇದು ಅವುಗಳ ತಮ್ಮ ಅನ್ನು" ಎಂದು ನಕ್ಕು ಫೋಟೋಗೆ ನಿಂತರು.

ಹಿಂದೆ ನಾವು ಬರೆದಿದ್ದ ಸುದ್ದಿಗೆ ಇದನ್ನೇ ತಿದ್ದುಪಡಿ ಎಂದು ಓದಿಕೊಳ್ಳಿ.